ಮಧೂರು ಸೀಮೆಯ ಬೀಜದಡಿಕೆ

ಕಾಸರಗೋಡು ಪೇಟೆಯಿಂದ ಒಳನಾಡಿನ ಕಡೆಗೆ ಸುಮಾರು 8 ಕಿಲೋಮೀಟರು ಸಾಗಿದಲ್ಲಿ, ಮಧುವಾಹಿನಿಯ ದಡದಲ್ಲಿ, ಗಜಪೃಷ್ಠಾಕಾರದ ಮೂರು ಅಂತಸ್ತಿನ ಮಾಡನ್ನು ಹೊತ್ತು ನಿಂತಿರುವ ಮದನಂತೇಶ್ವರ ಸಿದ್ಧಿವಿನಾಯಕ ದೇವಾಲಯವನ್ನು ಕಾಣಲು ಬರುವ ಯಾತ್ರಿಕರು, ಅದರ ದಾರುಶಿಲ್ಪದ ಚೆಲುವನ್ನೂ ಗಣಪತಿಗೆ ನಿವೇದಿಸಿದ ಅಪ್ಪದ ಸವಿಯನ್ನೂ ಕೊಂಡಾಡುತ್ತ ಹಿಂದಿರುಗುವುದು ವಾಡಿಕೆ. ಹೊಳೆಯ ಇಕ್ಕೆಲದ ತಗ್ಗುಗಳಲ್ಲಿಯೂ ಮುರಕಲ್ಲಿನ ಗುಡ್ಡಗಳ ನಡುವಣ ಕಣಿವೆಗಳಲ್ಲಿಯೂ ಸಾಲುಗಟ್ಟಿ ನಿಂತಿರುವ ಅಡಿಕೆಯ ಮರಗಳು ಅವರ ದೃಷ್ಟಿಗೆ ಬಿದ್ದರೂ, ಅವುಗಳಿಗೂ ಒಂದು ಪೂರ್ವೋತ್ತರವುಂಟೆಂಬ ಯೋಚನೆ ಬಹಳ ಮಂದಿಗೆ ಬರಲಾರದು. ಗುಡ್ಡದ ಹೊಟ್ಟೆಯನ್ನು ಅಡ್ಡಲಾಗಿ ಕೊರೆದು ನೀರನ್ನು ಹೊರತರುವ ಸುರಂಗಗಳ ಬಗೆಗೆ, ಬೇಸಿಗೆ ಬಂದೊಡನೆ ತೋಡುಗಳಿಗೆ ಅಡ್ಡಲಾಗಿ ಕಲ್ಲುಮಣ್ಣುಗಳಿಂದ ನಿರ್ಮಿಸುತ್ತಿದ್ದ ಕಟ್ಟಗಳ ಬಗೆಗೆ ಈಚೆಗೆ ಸಾಕಷ್ಟು ಬರೆಹಗಳು ಬಂದಿವೆ. ಆ ನೀರನ್ನು ಕುಡಿದು ಬೆಳೆದ ಮರದ ಬೀಜ ಎಲ್ಲಿಂದ ಬಂದಿತು, ಅದನ್ನು ಆರಿಸಿದವರು ಯಾರು, ಯಾವ ಲಕ್ಷಣವನ್ನು ನೋಡಿ ಆರಿಸಿದರು ಎಂಬ ವಿಚಾರವಾದರೋ ತೋಟದವರ ಜಗಲಿಯ ಮಾತುಕತೆಯಿಂದ ಆಚೆಗೆ ಹೆಚ್ಚಾಗಿ ಹೊರಟಿಲ್ಲ.

ಅಡಿಕೆಯ ತೋಟದಲ್ಲಿ ಅಡಿಕೆಯೊಡನೆ ಬಾಳುವ ಬಾಳೆಗೆ ಕಂದುಂಟು. ಅಡಿಕೆಯ ಮೈಯನ್ನಪ್ಪಿ ಏರುವ ವೀಳ್ಯದೆಲೆಗೂ ಕಾಳುಮೆಣಸಿಗೂ ಬಳ್ಳಿಯ ತುಂಡೊಂದು ಸಾಕು. ತಾಯಿಯ ಗುಣವೆಲ್ಲವೂ ಆ ಕಂದಿನಲ್ಲಿ, ಆ ತುಂಡಿನಲ್ಲಿ ಯಥಾವತ್ತಾಗಿ ಮುಂದಿನ ಗಿಡಕ್ಕೆ ಇಳಿಯುತ್ತದೆ. ಅಡಿಕೆಗಾದರೆ ಕಂದಿಲ್ಲ, ಕೊಂಬೆಯಿಲ್ಲ, ಕಸಿಗೆ ಒಗ್ಗುವ ಮೈಯಿಲ್ಲ. ಇತ್ತೀಚಿನ ಅಂಗಾಂಶ ಕೃಷಿಯ ಪ್ರಯೋಗಗಳನ್ನು ಬದಿಗಿಟ್ಟರೆ, ಬೀಜವೊಂದೇ ಅದರ ವಂಶವು ಮುಂದುವರಿಯುವ ಮಾರ್ಗ. ಬೀಜವನ್ನು ಮಡಿಗೆ ಹಾಕಿದವನು ಮರದ ಮೊದಲ ಹಿಂಗಾರವನ್ನು ಕಾಣಬೇಕಾದರೆ ಐದಾರು ವರ್ಷ ಕಾಯಬೇಕು. ಆ ಮರದ ನಿಜವಾದ ಯೋಗ್ಯತೆ ತಿಳಿಯಬೇಕಾದರೆ ಇನ್ನೂ ಐದಾರು ವರ್ಷ. ತಪ್ಪು ಆಯ್ಕೆಯಾಗಿದ್ದ ಪಕ್ಷದಲ್ಲಿ ಅದರ ಫಲವನ್ನು ಅವನ ಮಗನೂ ಮೊಮ್ಮಗನೂ ಅನುಭವಿಸಬೇಕು. ಮಧೂರಿನ ಗಣಪತಿಯನ್ನು ಅಪ್ಪದಿಂದ ಮುಚ್ಚುವ ಮೂಡಪ್ಪ ಸೇವೆ 1992ರಲ್ಲಿ ನಡೆದ ತರುವಾಯ ಮತ್ತೆ ನಡೆದದ್ದು 2025ರಲ್ಲಿ. ಆ ಹಿಂದಿನ ಸೇವೆಯ ವರ್ಷ ಮಡಿಗೆ ಬಿದ್ದ ಬೀಜವೊಂದು ಮರವಾಗಿ, ಫಲಕೊಟ್ಟು, ಪರೀಕ್ಷೆಗೆ ಒಳಗಾಗಿ, ತಾನೇ ತಾಯಿಮರವೆನಿಸಿಕೊಂಡು, ತನ್ನ ಬೀಜದ ಮರಗಳೂ ಫಲಕ್ಕೆ ಬರುವಷ್ಟು ಕಾಲ ಈ ಎರಡು ಸೇವೆಗಳ ನಡುವೆ ಸಂದಿದೆ. ಈ ಸೀಮೆಯಲ್ಲಿ ಬೀಜದಡಿಕೆಯ ಚರಿತ್ರೆಯನ್ನು ಅಳೆಯಲು ಇದಕ್ಕಿಂತ ಸಣ್ಣ ಅಳತೆಗೋಲು ಒದಗದು.

ಈ ಕಣಿವೆಗಳೆಲ್ಲ ಆದಿಯಿಂದಲೂ ಅಡಿಕೆಯ ತೋಟಗಳಾಗಿದ್ದುವೆಂದು ಭಾವಿಸುವುದು ಸರಿಯಲ್ಲ. ಮಧೂರು ಕುಂಬಳೆಯ ಅರಸರ ಆಳ್ವಿಕೆಗೆ ಸೇರಿದ್ದ ಊರು. ಆ ಅರಸರ ಮಾಯಿಪ್ಪಾಡಿಯ ಅರಮನೆಯು ಇಲ್ಲಿಂದ ದೂರವಿಲ್ಲ. ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಪಶ್ಚಿಮ ಕರಾವಳಿಯ ರೇವುಗಳನ್ನು ವರ್ಣಿಸಿದ ಪೋರ್ಚುಗೀಸ ಬರಹಗಾರ ದುಆರ್ತೆ ಬಾರ್ಬೋಸನು ಕುಂಬಳೆಯನ್ನು ಹೆಸರಿಸುವಾಗ ಹೇಳುವುದು ಅಡಿಕೆಯ ಮಾತನ್ನಲ್ಲ, ಅಕ್ಕಿಯ ಮಾತನ್ನು: ಅಲ್ಲಿ ದೊರೆಯುತ್ತಿದ್ದ ಕಪ್ಪಾದ ಕೀಳುತರದ ಅಕ್ಕಿಯನ್ನು ಮಲಬಾರಿನ ವರ್ತಕರು ಕೊಂಡುಹೋಗಿ ಮಾಲ್ದೀವಿನ ದ್ವೀಪಗಳಲ್ಲಿ ತೆಂಗಿನ ನಾರಿಗೆ ವಿನಿಮಯ ಮಾಡಿಕೊಳ್ಳುತ್ತಿದ್ದರಂತೆ. ಬೈಲುಗಳಲ್ಲಿ ಭತ್ತವೂ, ಮನೆಯ ಸುತ್ತ ಬೇಕಾದಷ್ಟಕ್ಕೆ ಮಾತ್ರ ಅಡಿಕೆ, ತೆಂಗು, ಹಲಸುಗಳೂ ಇದ್ದ ಕಾಲವದು ಎಂದು ಇದರಿಂದ ಊಹಿಸಬಹುದಾಗಿದೆ. ಕೆಳದಿಯ ನಾಯಕರು ಬೇಕಲದಲ್ಲಿಯೂ ಚಂದ್ರಗಿರಿಯಲ್ಲಿಯೂ ಕೋಟೆಗಳನ್ನು ಕಟ್ಟಿ ಈ ಕರಾವಳಿಯನ್ನು ತಮ್ಮ ಅಂಕೆಗೆ ತಂದುಕೊಂಡ ಹದಿನೇಳನೆಯ ಶತಮಾನದಿಂದ ಮೊದಲುಗೊಂಡು, ಮೈಸೂರಿನ ದಂಡುಗಳು ಬಂದುಹೋದ ಹದಿನೆಂಟನೆಯ ಶತಮಾನದ ಕೊನೆಯವರೆಗೂ ರಾಜಕೀಯವು ಹಲವು ಬಾರಿ ಮಗ್ಗುಲು ಬದಲಾಯಿಸಿತು. 1799ರಲ್ಲಿ ಟಿಪ್ಪುಸುಲ್ತಾನನ ಪತನಾನಂತರ ಕೆನರಾ ಪ್ರಾಂತವು ಇಂಗ್ಲಿಷ್ ಕಂಪೆನಿಯ ವಶಕ್ಕೆ ಬಂದು, ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರನಾದನು. 1801ರ ಆರಂಭದಲ್ಲಿ ಮಲಬಾರಿನ ಕಡೆಯಿಂದ ಚಂದ್ರಗಿರಿಯನ್ನು ದಾಟಿ ಕುಂಬಳೆ, ಮಂಜೇಶ್ವರಗಳ ಮಾರ್ಗವಾಗಿ ಉತ್ತರಕ್ಕೆ ನಡೆದ ಫ್ರಾನ್ಸಿಸ್ ಬುಕಾನನನು ಹೋದಹೋದಲ್ಲಿ ಬೆಳೆಯನ್ನೂ ಗೇಣಿಯನ್ನೂ ಕುರಿತು ಪ್ರಶ್ನಿಸಿ ಬರೆದುಕೊಂಡವನು. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥವನ್ನು ತೆರೆದರೆ, ದಂಡಯಾತ್ರೆಗಳ ಗದ್ದಲವಡಗಿದ ಮೇಲೆ ಸಾಗುವಳಿಯ ಲೆಕ್ಕ ಹೇಗೆ ಮುಂದಕ್ಕೆ ಬಂದಿತೆಂಬುದು ಮನವರಿಕೆಯಾಗುತ್ತದೆ.

ಭೂಮಿಯ ಒಡೆತನಕ್ಕೂ ಬೀಜಕ್ಕೂ ಇರುವ ನಂಟನ್ನು ಇಲ್ಲಿ ಹೇಳಲೇಬೇಕು. ಚರಿತ್ರಕಾರರು ಇದನ್ನು ಸಾಮಾನ್ಯವಾಗಿ ಕಡೆಗಣಿಸುತ್ತಾರೆ. ದಕ್ಷಿಣ ಕನ್ನಡದಲ್ಲಿ ಮೂಲಗೇಣಿಯವನಿಗೆ ಶಾಶ್ವತವಾದ ಹಕ್ಕು, ನಿಯತವಾದ ಗೇಣಿ. ಚಾಲಗೇಣಿಯವನಾದರೋ ನೆಲದ ಒಡೆಯನಾದ ವರ್ಗದಾರನು ಒಲಿದಿರುವವರೆಗೆ ಮಾತ್ರ ಉಳುವವನು. ವರ್ಷಕ್ಕೊಮ್ಮೆ ಬಿತ್ತಿ ಕೊಯ್ಯುವ ಭತ್ತವನ್ನು ಚಾಲಗೇಣಿಯವನೂ ಬೆಳೆದಾನು; ಹನ್ನೆರಡು ವರ್ಷಗಳ ತರುವಾಯ ಪೂರ್ಣಫಲವನ್ನು ಕೊಡುವ ಮರದ ಬೀಜವನ್ನು, ಮುಂದಿನ ವರ್ಷ ಆ ನೆಲದಲ್ಲಿ ತಾನಿರುವೆನೆಂಬ ಭರವಸೆಯಿಲ್ಲದವನು ಏಕೆ ಆರಿಸಿಯಾನು? ಚಂದ್ರಗಿರಿಯ ತೆಂಕಣ ಮಲಬಾರಿನಲ್ಲಿ ಗಿಡ ನೆಡುವುದಕ್ಕಾಗಿಯೇ ಕುಳಿಕ್ಕಾಣವೆಂಬ ಗೇಣಿಯ ಪದ್ಧತಿಯಿದ್ದು, ಒಕ್ಕಲನ್ನು ಎಬ್ಬಿಸುವಾಗ ಅವನು ನೆಟ್ಟ ಮರಗಳಿಗೆ ಪರಿಹಾರ ಕೊಡಬೇಕೆಂದು 1887ರಲ್ಲಿ ಕಾನೂನೇ ಆಯಿತು. ನಮ್ಮ ಕಡೆ ತಾಯಿಮರದ ಜ್ಞಾನವು ಮೂಲವರ್ಗದ ಮತ್ತು ಮೂಲಗೇಣಿಯ ಮನೆಗಳಲ್ಲಿಯೇ ಮಡುಗಟ್ಟಿ ನಿಂತುದಕ್ಕೆ ಜಾಣ್ಮೆಗಿಂತಲೂ ಈ ಹಕ್ಕಿನ ವ್ಯತ್ಯಾಸವೇ ಪ್ರಬಲವಾದ ಕಾರಣವೆಂದು ನನ್ನ ಅಭಿಪ್ರಾಯ. ಹವ್ಯಕರ ಕುಟುಂಬಗಳು ಕಣಿವೆಯ ಮೇಲ್ಭಾಗದಲ್ಲಿ, ನೀರಿನ ಮೂಲಕ್ಕೆ ಸಮೀಪವಾಗಿ, ಸೊಪ್ಪಿಗೆ ಕುಮ್ಕಿಯ ಗುಡ್ಡವನ್ನು ಬೆನ್ನಿಗಿಟ್ಟುಕೊಂಡು ತೋಟಗಳನ್ನೆಬ್ಬಿಸಿದರು. ಬಂಟರೂ ಇತರರೂ ಬೈಲಿನ ಅಂಚುಗಳಲ್ಲಿ ಎಬ್ಬಿಸಿದರು. ಒಣಗಿದ ಅಡಿಕೆಯನ್ನು ಬ್ಯಾರಿ, ಮಾಪಿಳ್ಳೆ ವರ್ತಕರು ಕಾಸರಗೋಡಿಗೂ ಮಂಗಳೂರಿಗೂ ಸಾಗಿಸಿದರು.

ಬೀಜವನ್ನು ಆರಿಸುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಒಳ್ಳೆಯ ತೋಟಗಾರನು ಬೀಜಕ್ಕಾಗಿ ಮೊದಲು ನೋಡುವುದು ಅಡಿಕೆಯನ್ನಲ್ಲ, ಮರವನ್ನು; ಮರದಲ್ಲಿಯೂ ಮೊದಲು ಗೊನೆಯನ್ನಲ್ಲ, ಮಂಡೆಯನ್ನು. ಸೋಗೆಗಳು ತುಂಬಿದ ಮಂಡೆ, ಗಂಟುಗಳು ಒತ್ತೊತ್ತಾಗಿರುವ ಕಾಂಡ, ಬೇಗನೆ ಫಲಕ್ಕೆ ಬಂದ ಪೂರ್ವಚರಿತ್ರೆ, ಒಂದು ವರ್ಷ ಹೊರೆ ಹೊತ್ತು ಮರುವರ್ಷ ಬರಿದಾಗದ ಸ್ಥಿರವಾದ ಸ್ವಭಾವ, ಬಿಟ್ಟ ಹೆಣ್ಣುಹೂವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಾಯಿಕಟ್ಟುವ ಗುಣ – ಇಷ್ಟೂ ಕೂಡಿದ, ವಯಸ್ಸಿನಲ್ಲಿ ಹತ್ತನ್ನು ದಾಟಿದ ಮರಕ್ಕೆ ಸುಣ್ಣದ ಗುರುತು ಬೀಳುತ್ತದೆ. ಸುರಂಗದ ಬಾಯಿಯಲ್ಲಿ ಸದಾ ತಣ್ಣೀರುಣ್ಣುವ ಮರವನ್ನೂ, ಹಟ್ಟಿಯ ಬದಿಯಲ್ಲಿ ಗಂಜಳ ಕುಡಿದು ಕೊಬ್ಬಿದ ಮರವನ್ನೂ ಬಲ್ಲವರು ಬಿಟ್ಟುಬಿಡುತ್ತಾರೆ. ಅಲ್ಲಿಯ ಫಲವು ಜಾಗದ ಗುಣವೇ ಹೊರತು ಜಾತಿಯ ಗುಣವಲ್ಲ. ಗುರುತು ಹಾಕಿದ ಮರದಲ್ಲಿಯೂ ಮೊದಲ ಕೊಯ್ಲಿನ ಗೊನೆಯನ್ನಾಗಲಿ ಕಟ್ಟಕಡೆಯ ಗೊನೆಯನ್ನಾಗಲಿ ಮುಟ್ಟದೆ, ನಡುಗೊಯ್ಲಿನ ಗೊನೆಯನ್ನು ಪೂರ್ತಿ ಹಣ್ಣಾಗಲು ಬಿಟ್ಟು, ಕಾಲಿಗೆ ತಳೆ ತೊಟ್ಟು ಏರಿದವನು ಅದನ್ನು ಕೆಳಕ್ಕೆ ಬೀಳಗೊಡದೆ ಹಗ್ಗದಿಂದ ಇಳಿಸುತ್ತಾನೆ. ಗೊನೆಯ ತುದಿಯ ಚಿಕ್ಕ ಹಣ್ಣುಗಳನ್ನು ತೆಗೆದೆಸೆದು, ಕೈಗೆ ತೂಕವಾಗಿ ತೋರುವ ಹಣ್ಣುಗಳನ್ನಷ್ಟೇ ನೆರಳಿನಲ್ಲಿ ಇರಿಸುವುದು.

ಇಲ್ಲಿಂದ ಮುಂದಕ್ಕೆ ವಿಳಂಬವು ಸಲ್ಲದು. ಬದನೆ ಬೆಂಡೆಗಳ ಬೀಜವನ್ನು ಒಣಗಿಸಿ ಬೂದಿಯಲ್ಲಿ ಹೊರಳಿಸಿ ಮಾಡಿನ ಅಡಿಯಲ್ಲಿ ಕಟ್ಟಿಡುವಂತೆ ಅಡಿಕೆಯನ್ನು ಇಡಲಾಗದು. ಅದರ ಜೀವವು ತೇವದಲ್ಲಿದೆ. ಅಂಗಳದಲ್ಲಿ ಒಣಗಿಸಿ ಚಾಲಿ ಮಾಡಲೆಂದು ಹರಡಿದ ಹಣ್ಣಡಿಕೆಗೂ ಮಡಿಯಲ್ಲಿ ಊರಿದ ಹಣ್ಣಡಿಕೆಗೂ ಹೊರನೋಟಕ್ಕೆ ಭೇದವೇನೂ ಇಲ್ಲ. ಒಂದನ್ನು ಬಿಸಿಲು ಕೊಂದು ಕಾಸಾಗಿ ಪರಿವರ್ತಿಸುತ್ತದೆ, ಇನ್ನೊಂದನ್ನು ನೆರಳು ಉಳಿಸಿ ಮರವಾಗಿ ಪರಿವರ್ತಿಸುತ್ತದೆ. ಮರಳು ಬೆರೆಸಿದ ಮಡಿಯಲ್ಲಿ, ತೊಟ್ಟಿನ ಭಾಗವು ಮೇಲ್ಮುಖವಾಗಿರುವಂತೆ, ಎರಡು ಬೆರಳಗಲದ ಅಂತರದಲ್ಲಿ ಬೀಜಗಳನ್ನು ಊರಿ, ತೆಳ್ಳಗೆ ಮರಳು ಮುಚ್ಚಿ, ಮೇಲೆ ಬೈಹುಲ್ಲು ಹಾಸಿ, ದಿನವೂ ನೀರು ಚಿಮುಕಿಸುತ್ತಿದ್ದರೆ ಸುಮಾರು 40 ದಿನಗಳಿಗೆ ಮೊದಲ ಮೊಳಕೆ ತಲೆದೋರಿ, 90 ದಿನಗಳೊಳಗೆ ಹುಟ್ಟಬೇಕಾದವೆಲ್ಲ ಹುಟ್ಟಿ ಮುಗಿಯುತ್ತವೆ. ತುಳುವರ ಕೆಡ್ಡಸದ ದಿನಗಳು ಇದೇ ಕೊಯ್ಲಿನ ಕಾಲದಲ್ಲಿ ಬರುತ್ತವೆ. ಭೂಮಿದೇವಿಯು ರಜಸ್ವಲೆಯಾಗುವಳೆಂಬ ನಂಬಿಕೆಯಿಂದ ಆ ದಿನಗಳಲ್ಲಿ ಯಾರೂ ನೆಲಕ್ಕೆ ಹಾರೆ ಹಾಕರು. ಆದಕಾರಣ ಮಡಿಯ ಕೆಲಸವು ಕೆಡ್ಡಸದ ಮೊದಲೇ ಮುಗಿಯಬೇಕು, ಇಲ್ಲವೇ ಅದು ಕಳೆಯುವವರೆಗೂ ಕಾಯಬೇಕು. ಎರಡು ಮೂರು ಎಲೆಗಳಾದ ಸಸಿಯನ್ನು ಬಾಳೆಯ ನೆರಳಿನ ಇನ್ನೊಂದು ಮಡಿಗೆ ಕಿತ್ತು ನೆಟ್ಟು, ಒಂದು ಒಂದೂವರೆ ವರ್ಷದ ಬಳಿಕ, ಗಿಡ್ಡಗಿದ್ದು ಬುಡ ದಪ್ಪವಾಗಿ ಐದಕ್ಕಿಂತ ಕಡಿಮೆಯಿಲ್ಲದಷ್ಟು ಎಲೆಗಳಿರುವ ಸಸಿಗಳನ್ನು ಮಾತ್ರ ಒಂಬತ್ತಡಿಗೊಂದರಂತೆ ಗುಂಡಿಗೆ ಇಳಿಸುವುದು. ಎತ್ತರಕ್ಕೆ ಎಳೆದುಕೊಂಡು ಹೋದ ಸಸಿಯನ್ನು ಕಂಡು ಮರುಳಾಗುವುದು ಹೊಸಬರ ಲಕ್ಷಣ.

ಈ ಆಯ್ಕೆಯ ಕೀರ್ತಿಯನ್ನು ಯಜಮಾನರಿಗೆ ಒಪ್ಪಿಸುವುದು ನಮ್ಮ ರೂಢಿ. ಯಜಮಾನನು ಕೆಳಗೆ ನಿಂತು ನೋಡುವವನು. ವರ್ಷಕ್ಕೆ ಮೂರು ನಾಲ್ಕು ಬಾರಿ ಮರದ ತುದಿಯನ್ನು ಕಂಡು, ಯಾವ ಮಂಡೆಯಲ್ಲಿ ಎಷ್ಟು ಹಿಂಗಾರ ಒಣಗಿತು, ಯಾವುದರಲ್ಲಿ ನಳ್ಳಿ ಉದುರಿತು, ಯಾವ ಮರದ ಗೊನೆ ಕೈಗೆ ಭಾರವೆಂಬುದನ್ನು ಬಲ್ಲವನು ಮರವೇರುವ ಆಳು. ಮೊಳಕೆಯ ಹೆಚ್ಚುಕಡಮೆಯನ್ನು ಬಲ್ಲವಳು ಮಡಿಗೆ ನೀರೆರೆಯುವ ಹೆಂಗಸು. ಮಧೂರಿನ ಸ್ಥಳಪುರಾಣವಾದರೂ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕವಾಗಿದೆಯೆನ್ನಬೇಕು: ಅಲ್ಲಿ ಲಿಂಗವನ್ನು ಮೊದಲು ಕಂಡವಳು ಹುಲ್ಲು ಕೊಯ್ಯಲು ಹೋದ ಮದರು ಎಂಬ ಮೊಗೇರ ಹೆಂಗಸು. ತೋಟಗಳ ಪುರಾಣದಲ್ಲಿ ಅಂತಹ ಹೆಸರೊಂದೂ ಉಳಿದಿಲ್ಲ.

ಬೀಜದ ಸಂಸ್ಕಾರವನ್ನು ಕುರಿತ ಬರವಣಿಗೆ ಕನ್ನಡಕ್ಕೆ ಹೊಸತೇನಲ್ಲ. ಚಾಳುಕ್ಯ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯನೆಂಬವನು ರಚಿಸಿದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಭಾಗವುಂಟು. ಆದರೆ ಆ ಗ್ರಂಥದ ಪರಂಪರೆಯು ನಮ್ಮ ತೋಟದ ಮನೆಗಳಿಗೆ ನೇರವಾಗಿ ಇಳಿದುಬಂದಿತೆಂದು ಹೇಳುವ ಧೈರ್ಯ ನನಗಿಲ್ಲ. ಇಲ್ಲಿಯವರು ಕಲಿತದ್ದು ಮರವನ್ನು ನೋಡಿ. ಮತ್ತು ಮರಗಳು ಒಂದೊಂದೂ ಒಂದೊಂದು ಬಗೆಯ ಪಾಠವನ್ನು ಹೇಳುವವು. ಪಶ್ಚಿಮ ಕರಾವಳಿಯ ಕೆಲವು ಮಾವಿನ ತಳಿಗಳಲ್ಲಿ ಒಂದೇ ಗೊರಟಿನಿಂದ ಹಲವು ಸಸಿಗಳು ಏಳುತ್ತವೆ. ಅವುಗಳಲ್ಲಿ ಹೆಚ್ಚಿನವು ಪರಾಗದ ಸಂಪರ್ಕವಿಲ್ಲದೆ ತಾಯಿಯ ಅಂಗಾಂಶದಿಂದಲೇ ಹುಟ್ಟಿದವಾಗಿ, ತಾಯಿಯ ತದ್ರೂಪವೇ ಆಗಿರುತ್ತವೆ. ಒಳೂರು, ಚಂದ್ರಕಾರನ್, ಕುರುಕ್ಕನ್, ಬಪ್ಪಕ್ಕಾಯಿ ಮುಂತಾದ ಈ ಗುಂಪಿನ ಪಟ್ಟಿಯಲ್ಲಿ ತೋಟಗಾರಿಕೆಯ ಗ್ರಂಥಗಳು ಕಾಸರಗೋಡು ಎಂಬ ಹೆಸರಿನ ತಳಿಯೊಂದನ್ನೂ ಸೇರಿಸಿವೆಯೆಂಬುದು ನಮ್ಮವರಲ್ಲಿ ಬಹಳ ಮಂದಿಗೆ ತಿಳಿಯದು. ಹಲಸಿನ ಸ್ವಭಾವ ಇದಕ್ಕೆ ವಿರುದ್ಧ. ಜೇನಿನಂತಹ ಬಕ್ಕೆಯ ಬೀಜದಿಂದ ಹುಟ್ಟಿದ್ದು ಬಾಯಿಗಿಡಲಾಗದ ತುಳುವವಾದರೂ ಆದೀತು. ಪುನರ್ಪುಳಿಯಲ್ಲಂತೂ ಗಂಡುಮರ ಹೆಣ್ಣುಮರಗಳು ಬೇರೆ ಬೇರೆಯಾದುದರಿಂದ, ಬೀಜ ಹಾಕಿ ಏಳೆಂಟು ವರ್ಷ ಸಾಕಿದ ಮರ ಹೂಬಿಟ್ಟ ದಿನ ಗಂಡೆಂದು ತಿಳಿದು ಮನೆಯವರು ಪೆಚ್ಚಾಗುವುದುಂಟು. ಅಡಿಕೆಯು ಈ ಎರಡು ತುದಿಗಳ ನಡುವೆ ಎಲ್ಲಿ ನಿಲ್ಲುತ್ತದೆಂಬುದನ್ನು ಮನೆಯವರ ಅನುಭವವು ಅರೆಯಾಗಿ ಮಾತ್ರ ಅರಿತಿತ್ತು.

ಉಳಿದರ್ಧವನ್ನು ಹುಡುಕುವ ಕೆಲಸವು ಮಧೂರಿಗೆ ಹತ್ತಿರದ ಕೂಡ್ಲಿನಲ್ಲಿಯೇ ಮೊದಲಾದುದು ಈ ಸೀಮೆಯ ಭಾಗ್ಯ. ಅದು ಮೊದಲಾದುದಾದರೂ ಅಡಿಕೆಯಿಂದಲ್ಲ, ತೆಂಗಿನಿಂದ. 1916ರಲ್ಲಿ ಮದರಾಸು ಸರಕಾರವು ಕಾಸರಗೋಡು, ಪಿಲಿಕೋಡು, ನೀಲೇಶ್ವರಗಳಲ್ಲಿ ತೆಂಗಿನ ಸಂಶೋಧನೆಗೆ ನೆಲೆಗಳನ್ನು ತೆರೆಯಿತು. ತೆಂಗಿನ ಬೀಜದ ವಿಷಯದಲ್ಲಿ ಮನೆಯವರಿಗೆ ತಕ್ಕಮಟ್ಟಿನ ನಿಯಮಗಳು ಆಗಲೇ ಇದ್ದುವು: ಬಲಿತು ಹನ್ನೊಂದು ಹನ್ನೆರಡು ತಿಂಗಳಾದ ಕಾಯಿಯನ್ನು ಹಗ್ಗ ಕಟ್ಟಿ ಇಳಿಸುವುದು, ಕಿವಿಯ ಬಳಿ ಕುಲುಕಿಸಿ ನೀರಿನ ಸದ್ದನ್ನು ಆಲಿಸುವುದು, ಮಳೆಗಾಲದ ಮೋರೆಯಲ್ಲಿ ಮಡಿಗೆ ಹಾಕುವುದು, ಮೊದಲು ಮೊಳೆತದ್ದನ್ನು ಮೊದಲು ಎತ್ತಿ ಹಿಂದುಳಿದದ್ದನ್ನು ಅಡುಗೆಮನೆಗೆ ಕಳುಹಿಸುವುದು. ಸಂಶೋಧಕರು ಈ ನಿಯಮಗಳನ್ನು ಅಲ್ಲಗಳೆಯಲಿಲ್ಲ. ತೂಗಿ, ಎಣಿಸಿ, ಐದು ತಿಂಗಳೊಳಗೆ ಮೊಳೆಯದ ಕಾಯಿಯಿಂದ ಒಳ್ಳೆಯ ಮರವನ್ನು ನಿರೀಕ್ಷಿಸಬಾರದೆಂಬಂತಹ ಖಚಿತವಾದ ಮಾತುಗಳನ್ನು ಅವಕ್ಕೆ ಸೇರಿಸಿದರು. 1932ರಲ್ಲಿ ನೀಲೇಶ್ವರದಲ್ಲಿ ಜೆ. ಎಸ್. ಪಟೇಲರು ಎತ್ತರದ ತೆಂಗಿಗೂ ಗಿಡ್ಡ ತೆಂಗಿಗೂ ಸಂಕರ ಮಾಡಿಸಿ, ಸಂತಾನವು ತಂದೆತಾಯಿಗಳೆರಡನ್ನೂ ಮೀರಿಸುವ ಹುರುಪಿನಿಂದ ಬೆಳೆಯುವುದನ್ನು ತೋರಿಸಿದ ತರುವಾಯ, ತೆಂಗಿನ ಬೀಜಕ್ಕೆ ತಂದೆಯೂ ಒಬ್ಬನುಂಟು, ಅವನನ್ನು ಆರಿಸಲೂ ಬಹುದು ಎಂಬ ತಿಳಿವಳಿಕೆ ಮೊದಲ ಬಾರಿಗೆ ಈ ನೆಲದಲ್ಲಿ ಬೇರೂರಿತು. ಮುಂದೆ ಕಾಸರಗೋಡಿನ ನೆಲೆಯು ಭಾರತೀಯ ಕೇಂದ್ರ ತೆಂಗು ಸಮಿತಿಯ ಕೈಗೆ ಬಂದಿತು.

ಅಡಿಕೆಯ ಸರದಿ ಬರಲು 1949ರವರೆಗೆ ಕಾಯಬೇಕಾಯಿತು. ಆ ವರ್ಷ ಕೇಂದ್ರ ಅಡಿಕೆ ಸಮಿತಿಯು ರಚಿತವಾಗಿ, 1956ರಲ್ಲಿ ವಿಟ್ಲದಲ್ಲಿ ಕೇಂದ್ರ ಅಡಿಕೆ ಸಂಶೋಧನಾ ಕೇಂದ್ರವು ಆರಂಭವಾಯಿತು. ಅದೇ 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೂ, ವಿಟ್ಲವನ್ನೊಳಗೊಂಡ ಉಳಿದ ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೂ ಸಂದುವು. ಈ ಗಡಿಯ ನೋವನ್ನು ಕುರಿತು ನಮ್ಮವರು ಬರೆದದ್ದು ಅಪಾರ. ನಾನು ಇಲ್ಲಿ ಹೇಳಬೇಕಾದುದಿಷ್ಟೆ: ಶಾಲೆ, ಕಚೇರಿ, ಕಡತಗಳು ಎರಡಾದುವು, ಬೀಜ ಮಾತ್ರ ಎರಡಾಗಲಿಲ್ಲ. ವಿಟ್ಲದ ಗೊನೆ ಮಧೂರಿಗೂ ಪೆರ್ಲದ ಸಸಿ ಪುತ್ತೂರಿಗೂ ಎಂದಿನಂತೆ ನೆಂಟರ ಮನೆಯ ದಾರಿಯಲ್ಲಿ ಹೋಗಿಬಂದಿತು. 1970ರಲ್ಲಿ ಕಾಸರಗೋಡಿನ ತೆಂಗಿನ ಕೇಂದ್ರವೂ ವಿಟ್ಲದ ಅಡಿಕೆಯ ಕೇಂದ್ರವೂ ಒಂದಾಗಿ, ಕಾಸರಗೋಡನ್ನು ಮುಖ್ಯಸ್ಥಾನವಾಗಿ ಉಳ್ಳ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದುವು.

ವಿಟ್ಲದ ಕೆಲಸದಿಂದ ಸ್ಪಷ್ಟವಾದ ಸಂಗತಿಗಳಲ್ಲಿ ಬೀಜದ ಮಟ್ಟಿಗೆ ಮುಖ್ಯವಾದುದು ಹಿಂಗಾರದ ಕಾಲಕ್ರಮ. ನಾಗನಿಗೆ ಪ್ರಿಯವೆಂದು ನಾವು ಅರ್ಪಿಸುವ ಆ ಹಿಂಗಾರದ ಎಳೆಗಳಲ್ಲಿ, ಬುಡದ ಕಡೆಗೆ ಕೆಲವೇ ದಪ್ಪನೆಯ ಹೆಣ್ಣುಹೂವುಗಳೂ, ತುದಿಯವರೆಗೆ ಅಸಂಖ್ಯಾತವಾದ ಸಣ್ಣ ಗಂಡುಹೂವುಗಳೂ ಇರುತ್ತವೆ. ಗಂಡುಹೂವುಗಳೆಲ್ಲ ವಾರಗಟ್ಟಲೆ ಅರಳಿ ಉದುರಿ ಮುಗಿದ ಮೇಲೆಯೇ ಅದೇ ಹಿಂಗಾರದ ಹೆಣ್ಣುಹೂವುಗಳು ಕಣ್ದೆರೆಯುವುವು. ಆದಕಾರಣ ಅವಕ್ಕೆ ಬೇಕಾದ ಪರಾಗವು ಸಾಮಾನ್ಯವಾಗಿ ಅಕ್ಕಪಕ್ಕದ ಬೇರೆ ಮರದಿಂದ ಗಾಳಿಯಲ್ಲಿ ಬರಬೇಕು. ಅಂದರೆ ಮನೆಯವರು ಸುಣ್ಣದ ಗುರುತಿಟ್ಟು ಅಷ್ಟು ಜಾಗರೂಕತೆಯಿಂದ ಆರಿಸಿದ ತಾಯಿಮರದ ಬೀಜದಲ್ಲಿ ಅರ್ಧಾಂಶವು, ಯಾರೂ ಆರಿಸದ, ಬಹುಶಃ ತೋಟದ ಅತ್ಯಂತ ಬಡಕಲು ಮರದ ಕೊಡುಗೆಯಾಗಿರಬಹುದು. ಒಂದು ಒಳ್ಳೆಯ ಮರದ ಬೀಜಗಳು ಕೆಲವು ತೋಟಗಳಲ್ಲಿ ಒಳ್ಳೆಯ ಸಂತಾನವನ್ನು ಕೊಟ್ಟು ಕೆಲವೆಡೆ ಕೈಕೊಡುತ್ತಿದ್ದುದಕ್ಕೆ, ಹಿಂದಿನವರು ಗ್ರಹಗತಿಯನ್ನೋ ಕಣ್ಣೆಸರನ್ನೋ ಕಾರಣವಾಗಿ ಹೇಳುತ್ತಿದ್ದುದಕ್ಕೆ, ಉತ್ತರವು ಇಲ್ಲಿದ್ದಿತು. ಹೀಗಾಗಿ ಬೀಜದ ಮರವನ್ನು ಮಾತ್ರವಲ್ಲದೆ ಅದು ನಿಂತಿರುವ ತೋಟವನ್ನೂ ನೋಡಬೇಕೆಂಬ ವಿವೇಕವು ಹುಟ್ಟಿತು. ಹಣ್ಣು 35 ಗ್ರಾಮಿಗಿಂತ ಹೆಚ್ಚು ತೂಗಬೇಕು, ನೀರಿಗೆ ಹಾಕಿದಾಗ ತೊಟ್ಟಿನ ಭಾಗ ಮೇಲಾಗಿ ನೆಟ್ಟಗೆ ನಿಂತು ತೇಲಬೇಕು ಎಂಬ ಪರೀಕ್ಷೆಗಳು ಪ್ರಚಾರಕ್ಕೆ ಬಂದುವು. ಕೆ. ವಿ. ಅಹಮದ್ ಬಾವಪ್ಪನವರೂ ಅವರ ಸಹೋದ್ಯೋಗಿಗಳೂ ಈ ಕೆಲಸವನ್ನೆಲ್ಲ ಕ್ರೋಡೀಕರಿಸಿ 1982ರಲ್ಲಿ ಕಾಸರಗೋಡಿನಿಂದ ಹೊರತಂದ ಅಡಿಕೆಯ ಬೃಹದ್ಗ್ರಂಥವು ಇಂದಿಗೂ ಆಧಾರಭೂತವಾಗಿದೆ. ಅದು ಇಂಗ್ಲಿಷಿನಲ್ಲಿದೆಯೆಂಬುದೊಂದೇ ಕೊರತೆ.

ಇದರೊಡನೆಯೇ ದೇಶವಿದೇಶಗಳ ಬೀಜಗಳನ್ನು ತರಿಸಿ ವಿಟ್ಲದಲ್ಲಿ ಬೆಳೆಸಿ ನೋಡಿದ್ದರ ಫಲವಾಗಿ, ಚೀನದಿಂದ ಬಂದ ಬೀಜದ ಸಂತಾನವು 1972ರಲ್ಲಿ ಮಂಗಳವೆಂಬ ಹೆಸರಿನಿಂದ ಹೊರಬಂದಿತು. ಇಂಡೋನೇಷ್ಯದ ಸುಮಂಗಳ, ಸಿಂಗಪುರದ ಶ್ರೀಮಂಗಳ, ಬಂಗಾಳದ ಮೋಹಿತ್‌ನಗರಗಳು ಅದನ್ನು ಹಿಂಬಾಲಿಸಿದುವು. ಊರಿನ ಮರವು ವರ್ಷಕ್ಕೆ ಸರಾಸರಿ 2 ಕಿಲೋ ಚಾಲಿಯನ್ನು ಕೊಡುವಲ್ಲಿ ಮಂಗಳವು 3 ಕಿಲೋ ಕೊಡುವುದೆಂದು ಸಂಸ್ಥೆಯ ಲೆಕ್ಕ. ಕಾಲವೂ ಅದಕ್ಕೆ ಅನುಕೂಲವಾಗಿ ಒದಗಿತು. ಕೇರಳದಲ್ಲಿ 1970ರ ಜನವರಿ 1ರಿಂದ ಜಾರಿಗೆ ಬಂದ ಭೂಸುಧಾರಣೆಯಿಂದ ಚಾಲಗೇಣಿಯವರು ನೆಲದ ಒಡೆಯರಾದರು. ಹಿಂದೆ ಬೀಜವನ್ನಾರಿಸುವ ಆಸೆಯನ್ನೇ ಕಟ್ಟಿಕೊಳ್ಳಲಾರದವರ ಕೈಯಲ್ಲಿ ಈಗ ಹಕ್ಕುಪತ್ರವಿದ್ದಿತು. ಬೆಲೆಕುಸಿತದಿಂದ ಕಂಗೆಟ್ಟ ಬೆಳೆಗಾರರನ್ನು ಒಗ್ಗೂಡಿಸಿ ವಾರಣಾಶಿ ಸುಬ್ರಾಯ ಭಟ್ಟರು 1973ರಲ್ಲಿ ಎರಡೂ ರಾಜ್ಯಗಳಿಗೆ ಸೇರಿದ ಕ್ಯಾಂಪ್ಕೋ ಸಹಕಾರ ಸಂಸ್ಥೆಯನ್ನು ಕಟ್ಟಿದರು. ಬೈಲಿನ ಗದ್ದೆಗಳು ಒಂದೊಂದಾಗಿ ಅಡಿಕೆಗೆ ಸಂದುವು. ಹೊಸದಾಗಿ ತೋಟವೆಬ್ಬಿಸಿದವನಿಗೆ ಗುರುತಿಡಲು ತನ್ನದಾದ ಹಳೆಯ ಮರವಿರಲಿಲ್ಲವಾದುದರಿಂದ, ಕೊಂಡು ತರುವುದು ಅನಿವಾರ್ಯವಾಯಿತು. ಸಸಿಯು ನೆಂಟರ ಮನೆಯಿಂದ ನರ್ಸರಿಗೆ ಸ್ಥಳಾಂತರ ಹೊಂದಿತು. ಇದನ್ನು ನಾನು ಅವನತಿಯೆಂದು ಕರೆಯಲಾರೆ. ಒಂದು ವರ್ಗದ ಸೊತ್ತಾಗಿದ್ದುದು ಎಲ್ಲರಿಗೂ ದೊರಕುವಂತಾಯಿತು.

ಆದರೆ ಇದರಿಂದ ಒದಗಿದ ಹಾನಿಯನ್ನೂ ಮುಚ್ಚಿಡಲಾಗದು. ಊರಿನ ಮರಗಳ ನಡುವೆ ನಿಂತ ಮಂಗಳದ ಬೀಜವನ್ನು ಎರಡು ಮೂರು ತಲೆಮಾರು ಹಾಗೆಯೇ ಆರಿಸಿ ನೆಟ್ಟರೆ, ಹೆಸರು ಉಳಿಯುತ್ತದೆ, ತಳಿ ಉಳಿಯುವುದಿಲ್ಲ. ಮಂಗಳವನ್ನು ಮಂಗಳದೊಡನೆಯೇ ಕೂಡಿಸಿ ಪಡೆದ ಬೀಜವನ್ನು ಬೆಳೆಗಾರರು ಇಂಟರ್ ಮಂಗಳವೆನ್ನುತ್ತಾರೆ. ಇಂದು ರಸ್ತೆಬದಿಯ ಫಲಕಗಳಲ್ಲಿ ಆ ಹೆಸರು ಕಾಣದ ಊರಿಲ್ಲ, ಫಲಕದ ಹಿಂದಿನ ಸಸಿಯ ತಂದೆತಾಯಿಗಳನ್ನು ತೋರಿಸಿರೆಂದರೆ ತೋರಿಸಬಲ್ಲವರು ವಿರಳ. ಹಳೆಯ ಮನೆಗಳಿಗೆ ತಾಯಿ ತಿಳಿದಿದ್ದಳು, ತಂದೆ ತಿಳಿದಿರಲಿಲ್ಲ. ಸಂಶೋಧನಾ ಕೇಂದ್ರಗಳು ತಂದೆಯನ್ನೂ ಗುರುತಿಸುವ ವಿದ್ಯೆಯನ್ನು ಕೊಟ್ಟುವು. ಗೊತ್ತುಗುರಿಯಿಲ್ಲದ ಸಸಿಯ ವ್ಯಾಪಾರವು ಇಬ್ಬರನ್ನೂ ಮರೆಸಿತು. 1988ರಿಂದ ಪುತ್ತೂರಿನಿಂದ ಹೊರಡುತ್ತಿರುವ, ಪೆರ್ಲದ ಕಡೆಯ ಶ್ರೀ ಪಡ್ರೆಯವರು ಕಟ್ಟಿದ ಅಡಿಕೆ ಪತ್ರಿಕೆಯಂತಹ ಪ್ರಯತ್ನಗಳು ಕೃಷಿಕನ ಅನುಭವವನ್ನು ಕೃಷಿಕನ ಲೇಖನಿಯಿಂದಲೇ ಬರೆಯಿಸಿರದಿದ್ದಲ್ಲಿ, ಮರೆವು ಇನ್ನೂ ಶೀಘ್ರವಾಗಿ ಆವರಿಸುತ್ತಿತ್ತು.

ಊರಿನ ಮರದ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳಬೇಕಾಗಿದೆ. ಸುಳ್ಯದ ಕಡೆ ಹಳದಿ ಎಲೆ ರೋಗವು ತೋಟಕ್ಕೆ ತೋಟವನ್ನೇ ನುಂಗಿದಾಗ, ಆ ಹಾಳುಬಿದ್ದ ತೋಟಗಳ ನಡುವೆ ಅಲ್ಲೊಂದು ಇಲ್ಲೊಂದು ಹಸಿರಾಗಿಯೇ ಉಳಿದ ಮರಗಳನ್ನು ಹುಡುಕಿ, ಅವುಗಳಿಂದಲೇ ಮುಂದಿನ ಬೀಜವನ್ನು ಪಡೆಯುವ ಯತ್ನಕ್ಕೆ ವಿಜ್ಞಾನಿಗಳು ಕೈಹಾಕಿದ್ದಾರೆ. ಎಲ್ಲ ತೋಟಗಳಲ್ಲಿಯೂ ಒಂದೇ ಹೆಸರಿನ ಸಸಿಯಿದ್ದಿದ್ದರೆ ಇಂತಹ ಹುಡುಕಾಟಕ್ಕೆ ಎಡೆ ಬಹಳ ಕಿರಿದಾಗುತ್ತಿತ್ತು. ಮಧೂರಿನ ಸುತ್ತಣ ಕಣಿವೆಗಳಲ್ಲಿ, ಮಾಯಿಪ್ಪಾಡಿಯಿಂದ ಮೇಲಕ್ಕೆ ನೀರ್ಚಾಲು, ಪೆರಡಾಲಗಳವರೆಗೆ, ಯಾವ ತಳಿಯೆಂದು ಯಾರೂ ಹೆಸರಿಡದ ಮುದಿಮರಗಳು ಇನ್ನೂ ನಿಂತಿವೆ; ಫಲ ಕಡಮೆಯೆಂದು ಅವನ್ನು ಕಡಿಸುವ ಮುನ್ನ, ಅವುಗಳಲ್ಲಿ ಎರಡು ಮೂರನ್ನಾದರೂ ಉಳಿಸಿಕೊಂಡು ಅವುಗಳ ಬೀಜವನ್ನು ತೋಟದ ಒಂದು ಮೂಲೆಯಲ್ಲಿ ಎಬ್ಬಿಸಬೇಕೆಂದು ಬೆಳೆಗಾರರಲ್ಲಿ ನನ್ನ ವಿಜ್ಞಾಪನೆ. ಕೊಂಡು ತರುವವರು ಸಸಿಯನ್ನು ನೋಡುವುದಕ್ಕೆ ಮೊದಲು ಅದರ ತಾಯಿಮರವನ್ನೂ, ತಾಯಿಮರದ ನೆರೆಯ ಮರಗಳನ್ನೂ ತೋರಿಸೆಂದು ಕೇಳಲಿ. ಸ್ವಂತ ಮರವುಳ್ಳವರು ಈ ವರ್ಷದ ಮೊದಲ ಕೊಯ್ಲಿನ ದಿನವೇ ಮರವೇರುವವನನ್ನು ಹತ್ತಿರ ಕರೆದು, ಯಾವ ಮರ ಒಳ್ಳೆಯದೆಂದು ಅವನನ್ನು ವಿಚಾರಿಸಿ ಗುರುತು ಹಾಕಿಕೊಂಡು, ಅದರ ನಡುಗೊಯ್ಲಿನ ಗೊನೆಯನ್ನು ಅಂಗಳದ ರಾಶಿಗೆ ಸೇರಿಸದೆ ಬೇರೆಯಾಗಿ ತೆಗೆದಿರಿಸಲಿ.